ಬೇರು ಅಳೆಯುತ್ತಿದ್ದ ಖಾದರಸಾಬರು

ಖಾದರಸಾಬರಿಗೆ ಮುಖಗಳು ನೆನಪಿರುತ್ತಿರಲಿಲ್ಲ. ರೋಣದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ತಾವೂ ಕೈಯೆತ್ತಿ, ಆಮೇಲೆ ನನ್ನ ಕಡೆ ತಿರುಗಿ ಇವರು ಯಾರು ಎಂದು ಕಣ್ಣಿನಲ್ಲೇ ಕೇಳುತ್ತಿದ್ದರು. ಒಮ್ಮೆ ಬ್ಯಾಂಕಿನ ಗುಮಾಸ್ತರೊಬ್ಬರು ಐದು ನಿಮಿಷ ನಿಂತು ಮನೆಮಂದಿಯ ಕ್ಷೇಮವನ್ನೆಲ್ಲ ಕೇಳಿದರು. ಸಾಬರು ಗೋಣು ಹಾಕುತ್ತ ನಿಂತಿದ್ದರು, ಗುರುತು ಹತ್ತಿರಲಿಲ್ಲ. ಕೊನೆಗೆ ಗುಮಾಸ್ತರು ಯಾವುದೋ ಮಾತಿಗೆ ಬಾಯ್ತುಂಬ ನಕ್ಕರು. ಸಾಬರ ಮುಖ ಅರಳಿತು. "ಹಾಂ, ಎಡಗಡಿ ಕ್ವಾರಿಹಲ್ಲಿನ ಬೇರು ಸೊಟ್ಟ ಇದ್ದವ್ರು ನೀವು" ಎಂದು ನಾಲ್ಕು ಜನ ಕೇಳುವ ಹಾಗೆ ಹೇಳಿಬಿಟ್ಟರು. ಗುಮಾಸ್ತರು ಪಟ್ಟನೆ ಬಾಯಿ ಮುಚ್ಚಿಕೊಂಡು ಬಸ್ ಹತ್ತಿದರು. ಹೆಂಡತಿಯ ಮುಖವಾದರೂ ನೆನಪಿದೆಯೋ ಇಲ್ಲವೋ ಎಂದು ನಾನು ಕಾಡಿಸಿದೆ. ಅವಳ ಎರಡು ದವಡೆ ಹಲ್ಲಿನ ಫೋಟೋ ತಾವೇ ತೆಗೆದದ್ದಾಗಿ ಅವರು ಬಹಳ ಗಂಭೀರವಾಗಿ ಉತ್ತರ ಕೊಟ್ಟರು.

ನಾನು ನರಗುಂದದ ಗುಡ್ಡದ ಕೆಳಗೆ ಹುಟ್ಟಿ ಬೆಳೆದವಳು. ಸೊಟ್ಟ ಹಲ್ಲು ನೆಟ್ಟಗೆ ಮಾಡುವ ವಿದ್ಯೆ ಕಲಿತು ಬಂದು ರೋಣದಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಅಂತಸ್ತಿನಲ್ಲಿ ದವಾಖಾನೆ ತೆರೆದೆ. ಮೊದಲ ಆರು ತಿಂಗಳು ಹಲ್ಲು ಕೀಳಿಸಿಕೊಳ್ಳುವವರು ಬಂದರೇ ಹೊರತು ಕ್ಲಿಪ್ ಹಾಕಿಸಿಕೊಳ್ಳುವವರು ಯಾರೂ ಬರಲಿಲ್ಲ. ಹಲ್ಲು ಹೆಂಗಿದ್ದರೇನು, ರೊಟ್ಟಿ ಕಡಿದರೆ ಸಾಕಲ್ಲವೇ ಎಂಬುದು ಊರಿನ ಮಾತು. ನನ್ನ ಸ್ವಭಾವವೂ ಮೆತ್ತಗಿನದಲ್ಲ. ನಮ್ಮವ್ವ ನನ್ನನ್ನು ಒಣಮೆಣಸಿನಕಾಯಿ ಎಂದೇ ಕರೆಯುತ್ತಿದ್ದಳು. ಇಂಥ ನನ್ನ ಹತ್ತಿರ ಎಕ್ಸ್‌ರೇ ತೆಗೆಯುವ ಕೆಲಸ ಕೇಳಿಕೊಂಡು ಬಂದವರು ಖಾದರಸಾಬರು. ಆಗಲೇ ಐವತ್ತೈದು ದಾಟಿತ್ತು. ಗಜೇಂದ್ರಗಡದಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿದ್ದರಂತೆ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಅಂಗಡಿಗೆ ಬರುವವರು ಕಡಿಮೆಯಾಗಿ, ಒಂದು ದೊಡ್ಡ ದವಾಖಾನೆಯಲ್ಲಿ ಕೆಲವು ವರ್ಷ ಎಕ್ಸ್‌ರೇ ಕೆಲಸ ಕಲಿತಿದ್ದರು. ದಿನಾ ಮುಂಜಾನೆ ಗಜೇಂದ್ರಗಡದ ಬಸ್ಸಿಗೆ ಬಂದು, ಬಿಳಿ ಟೊಪ್ಪಿಗೆ ಸರಿಮಾಡಿಕೊಂಡು, ಜೇಬಿನಿಂದ ಗಡಿಯಾರದವರ ಕಪ್ಪು ಭೂತಗನ್ನಡಿ ತೆಗೆದು ಬಲಗಣ್ಣಿಗೆ ಸಿಕ್ಕಿಸಿಕೊಂಡರೆ ಅವರ ದಿನ ಶುರುವಾಗುತ್ತಿತ್ತು. ನನ್ನನ್ನು ಮೇಡಂ ಎನ್ನದೆ 'ಬಾಯಾರ' ಎಂದು ಕರೆಯುತ್ತಿದ್ದರು.

ನಮ್ಮ ಕೆಲಸದಲ್ಲಿ ಒಂದು ಕಳ್ಳಗುಂಡಿ ಇದೆ. ಹಲ್ಲಿಗೆ ತಂತಿ ಕಟ್ಟಿ ಜಗ್ಗಿದರೆ ಸುತ್ತಲಿನ ಎಲುಬು ದಾರಿ ಬಿಡುತ್ತದೆ, ಹಲ್ಲು ಮೆಲ್ಲಗೆ ಸರಿಯುತ್ತದೆ. ಆದರೆ ಕೆಲವರ ಬಾಯಲ್ಲಿ ಎಲುಬಿನ ಜೊತೆಗೆ ಹಲ್ಲಿನ ಬೇರಿನ ತುದಿಯೂ ಕರಗತೊಡಗುತ್ತದೆ. ನೋವಿಲ್ಲ, ಬಾವಿಲ್ಲ. ಕನ್ನಡಿಯಲ್ಲಿ ಹಲ್ಲು ದಿನದಿನಕ್ಕೆ ಚೆಂದ ಕಾಣುತ್ತಿರುತ್ತದೆ, ಒಸಡಿನೊಳಗೆ ಬೇರು ಮೋಟಾಗುತ್ತಿರುತ್ತದೆ. ಹಾಗಾಗಿ ತಂತಿ ಕಟ್ಟುವ ಮೊದಲೊಂದು, ನಡುವೆ ಒಂದು, ಮುಗಿದ ಮೇಲೆ ಒಂದು ಎಕ್ಸ್‌ರೇ ತೆಗೆದು ಬೇರನ್ನು ಅಳೆಯಬೇಕು. ಕಡಿಮೆಯಾಗಿದ್ದರೆ ತಕ್ಷಣ ಜಗ್ಗುವುದನ್ನು ನಿಲ್ಲಿಸಬೇಕು. ನಿಲ್ಲಿಸಿದರೆ ಕರಗುವುದೂ ನಿಲ್ಲುತ್ತದೆ.

ಆಗಿನ್ನೂ ನಮ್ಮಲ್ಲಿ ಫಿಲ್ಮೇ ಇತ್ತು, ಎರಡು ಬೆರಳಗಲದ ಚೂರು. ಸಾಬರು ಅದನ್ನು ಕಿಟಕಿಯ ಗಾಜಿಗೆ ಅಂಟಿಸಿ, ಮಗಳ ಕಂಪಾಸ್ ಪೆಟ್ಟಿಗೆಯಿಂದ ತಂದ ಡಿವೈಡರಿನ ಎರಡು ಮೊನೆಗಳನ್ನು ಹಲ್ಲಿನ ನೆರಳ ಮೇಲೆ ಇಟ್ಟು, ಉಸಿರು ಹಿಡಿದು ಅಳೆಯುತ್ತಿದ್ದರು. ಅಳತೆಗಳಿಗೆಂದೇ ಒಂದು ಉದ್ದನೆಯ ಪುಸ್ತಕ. ಪ್ರತಿ ಪುಟಕ್ಕೂ ಸ್ಕೇಲಿಟ್ಟು ಗೆರೆ ಹೊಡೆದು ಮನೆಗಳನ್ನು ಮಾಡಿದ್ದರು: ಹೆಸರು, ಊರು, ಫೋಟೋ ತೆಗೆದವರು, ಮೇಲಿನದು, ಬೇರು. ಮೇಲಿನದು ಎಂದರೆ ಬಾಯಲ್ಲಿ ನಮಗೆ ಕಾಣುವ ಹಲ್ಲಿನ ಭಾಗ. ತೆಗೆದವರ ಮನೆಯಲ್ಲಿ ಯಾವಾಗಲೂ 'ಖಾ' ಎಂಬ ಒಂದೇ ಅಕ್ಷರ ಇರುತ್ತಿತ್ತು.

ನನಗೆ ಬೇಕಾದದ್ದು ಬೇರು, ಮೇಲಿನದನ್ನು ಅಳೆದು ಹೊತ್ತು ಯಾಕೆ ಕಳೆಯುತ್ತೀರಿ ಎಂದು ಶುರುವಿನಲ್ಲೇ ನಾನು ರೇಗಿದ್ದೆ. ಅವರು ವಾದ ಮಾಡಲಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ನನ್ನನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ, ತುದಿಯಲ್ಲಿ ರಬ್ಬರು ಇದ್ದ ಪೆನ್ಸಿಲೊಂದನ್ನು ಬಿಸಿಲಿಗೆ ಹಿಡಿದರು. ನೆಲದ ಮೇಲೆ ಅದರ ನೆರಳು ಬಿತ್ತು. ಪೆನ್ಸಿಲನ್ನು ಓರೆ ಮಾಡಿದಂತೆ ನೆರಳು ಉದ್ದವಾಯಿತು, ತುದಿಯ ರಬ್ಬರಿನ ನೆರಳೂ ಜೊತೆಗೇ ಉದ್ದವಾಯಿತು; ಇನ್ನೊಂದು ಕಡೆ ಓರೆ ಮಾಡಿದರೆ ಗಿಡ್ಡವಾಯಿತು.

"ಪೆನ್ಸಿಲ್ ಬೆಳದಿಲ್ರಿ ಬಾಯಾರ, ನೆಳ್ಳ ಬೆಳದೈತಿ" ಎಂದರು. "ನಮ್ಮ ಫೋಟೋನೂ ನೆಳ್ಳ ಅಲ್ರೀ? ಹಲ್ಲಿನ ಮ್ಯಾಲಿಂದು ಕರಗೂದಿಲ್ಲ. ಮೊದ್ಲ ಅದನ್ನ ಅಳೀರಿ. ಅದು ಹಳೇ ಫೋಟೋದಾಗಿದ್ದಷ್ಟ ಇತ್ತಂದ್ರ ಬೇರಿನ ಮಾತು ಕೇಳ್ರಿ. ಅದ ಜಗ್ಗಿತ್ತಂದ್ರ ಬೇರೂ ಜಗ್ಗೈತಿ, ಆ ಫೋಟೋ ನಂಬಬ್ಯಾಡ್ರಿ."

ಇದನ್ನು ನಾನು ಪುಸ್ತಕದಲ್ಲಿ ಓದಿಯೇ ಇದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ತಿಳಿದದ್ದು ಆ ಮಾಳಿಗೆಯ ಮೇಲೆಯೇ. ಇಷ್ಟು ತಿಳಿದ ಮೇಲೂ ನಾನು ತಪ್ಪಿದೆ ಎಂಬುದೇ ಈ ಬರಹಕ್ಕೆ ಕಾರಣ.

ಶಿಲ್ಪಾ ಅಸೂಟಿಯ ಹುಡುಗಿ. ಹದಿನಾರು ವಯಸ್ಸು. ಮೇಲಿನ ನಾಲ್ಕು ಹಲ್ಲು ಮುಂದಕ್ಕೆ ಚಾಚಿದ್ದವು. ಮಾತಾಡುವಾಗಲೆಲ್ಲ ಓಢಣಿಯ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಸಾಲೆಯಲ್ಲಿ ಇಟ್ಟಿದ್ದ ಅಡ್ಡಹೆಸರನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವಳ ಅಪ್ಪ ಶೇಖಪ್ಪ ಕಡಲೆ, ಜೋಳ ಬೆಳೆಯುವ ಒಕ್ಕಲಿಗ, ಮಾತು ಕಡಿಮೆ. ಮಗಳು ಬಾಯಿ ತೆಗೆದು ನಗುವಂತಾದರೆ ಸಾಕು ಎಂದಷ್ಟೇ ಹೇಳಿ ಕೂತರು. ಸಾಬರು ಮೊದಲ ಎಕ್ಸ್‌ರೇ ತೆಗೆದು ಬರೆದರು: ಮೇಲಿನದು ಹತ್ತು ಮಿಲಿಮೀಟರ್, ಬೇರು ಹದಿಮೂರು.

ಒಂಬತ್ತು ತಿಂಗಳಿಗೆ ಹಲ್ಲು ಅರ್ಧ ಹಿಂದಕ್ಕೆ ಬಂದವು. ನಡುವಿನ ಎಕ್ಸ್‌ರೇ ತೆಗೆಯುವ ದಿನ ಸಾಬರು ಇರಲಿಲ್ಲ. ಮಗಳ ಲಗ್ನಕ್ಕೆಂದು ಎಂಟು ದಿನ ರಜೆ ಹಾಕಿದ್ದರು. ಹೊರಗೆ ಜನ ಕಾಯುತ್ತಿದ್ದರು. ನಾನೇ ಫಿಲ್ಮ್ ಇಟ್ಟು, ಯಂತ್ರವನ್ನು ಬಗ್ಗಿಸಬೇಕಾದಷ್ಟು ಬಗ್ಗಿಸದೆ, ಅವಸರದಲ್ಲಿ ತೆಗೆದೆ. ಬಾಯಲ್ಲಿ ಫಿಲ್ಮ್ ಇಟ್ಟಾಗಲೆಲ್ಲ ಶಿಲ್ಪಾ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದಳು, ತೆಗೆದವರು ಯಾರೆಂದು ಅವಳು ನೋಡಲಿಲ್ಲ. ಬೇರನ್ನಷ್ಟೇ ಅಳೆದೆ. ಹದಿಮೂರು ಇತ್ತು. ಒಂದು ಕೂದಲೂ ಕೊಂಕಿಲ್ಲ ಎಂದು ಖುಷಿಯಾಗಿ ಇನ್ನೂ ದಪ್ಪನೆಯ ತಂತಿ ಏರಿಸಿ ಕಳಿಸಿದೆ.

ಲಗ್ನ ಮುಗಿಸಿ ಬಂದ ಸಾಬರು ನನಗೆ ಲಾಡು ಕೊಟ್ಟು, ಆ ಎಂಟು ದಿನದ ಫಿಲ್ಮುಗಳನ್ನೆಲ್ಲ ಕಿಟಕಿಗೆ ಹಚ್ಚಿ ಅಳೆಯಲು ಕೂತರು. ಶಿಲ್ಪಾಳದ್ದಕ್ಕೆ ಬಂದಾಗ ಎರಡು ಸಲ ಅಳೆದರು. ಮೇಲಿನದು ಹನ್ನೆರಡು ಬರುತ್ತಿತ್ತು. ಹತ್ತಿದ್ದದ್ದು ಹನ್ನೆರಡಾಗಿದೆ ಎಂದರೆ ನೆರಳು ಜಗ್ಗಿದೆ. ಹಾಗಾದರೆ ಹದಿಮೂರು ಕಾಣುವ ಬೇರು ಖರೇ ಲೆಕ್ಕದಲ್ಲಿ ಹನ್ನೊಂದರ ಹತ್ತಿರ. ಎರಡು ಮಿಲಿಮೀಟರ್ ಆಗಲೇ ಹೋಗಿದೆ. ಅವರು ನನ್ನ ಟೇಬಲ್ಲಿಗೆ ಬಂದು, ಹುಡುಗಿಯನ್ನು ಕರೆಸಿ ಇನ್ನೊಂದು ಫೋಟೋ ತೆಗೆಯೋಣ ಎಂದರು. ಅವಳಿಗೆ ಪರೀಕ್ಷೆ ಇದೆ, ಮುಂದಿನ ಸಲ ನೋಡೋಣ ಎಂದೆ. ಎರಡು ದಿನ ಬಿಟ್ಟು ಮತ್ತೆ ನೆನಪಿಸಿದರು. ಆಗ ನನ್ನ ಬಾಯಿಂದ ಬಂದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಸಾಬ್ರ, ಇಲ್ಲೆ ಡಾಕ್ಟರ್ ಯಾರು, ನೀವೋ ನಾನೋ?"

ಅವರು ಭೂತಗನ್ನಡಿ ತೆಗೆದು ಜೇಬಿಗೆ ಹಾಕಿಕೊಂಡರು. ಅದರ ಗುರುತು ಕಣ್ಣಿನ ಸುತ್ತ ದುಂಡಗೆ ಮೂಡಿತ್ತು. ನೀವೇ ಎಂದರು. ಮೂರನೇ ಸಲ ನೆನಪಿಸಲಿಲ್ಲ. ಮುಂದಿನ ಸಲ ಶಿಲ್ಪಾ ಬಂದಾಗ ನನಗೂ ನೆನಪಾಗಲಿಲ್ಲ. ಖರೇ ಹೇಳಬೇಕೆಂದರೆ ನೆನಪಾಗಿತ್ತು, ಸೋಲಲು ಮನಸ್ಸು ಒಪ್ಪಲಿಲ್ಲ.

ಇನ್ನೂ ಆರು ತಿಂಗಳು ಜಗ್ಗಿದೆ. ತಂತಿ ಬಿಚ್ಚಿದ ದಿನ ಶಿಲ್ಪಾ ಕನ್ನಡಿ ಹಿಡಿದುಕೊಂಡು ಓಢಣಿಯನ್ನು ಹೆಗಲಿಗೆ ಹಾಕಿಕೊಂಡಳು. ಅಷ್ಟು ಚೆಂದದ ನಗುವನ್ನು ನಾನು ಅದುವರೆಗೆ ಯಾರ ಬಾಯಲ್ಲೂ ಮಾಡಿರಲಿಲ್ಲ. ಒಳಗಿನಿಂದ ಸಾಬರು ಒದ್ದೆ ಫಿಲ್ಮನ್ನು ಹಿಡಿದು ತಂದು ನನ್ನ ಕೈಗೆ ಕೊಟ್ಟರು. ಮೇಲಿನದು ಹತ್ತು. ಬೇರು ಎಂಟು. ನಾಲ್ಕೂ ಹಲ್ಲು ಹಾಗೆಯೇ. ತುದಿಗಳು ತೇಯ್ದ ಬಳಪದಂತೆ ಮೊಂಡಾಗಿದ್ದವು.

ಮುಚ್ಚಿಡುವಷ್ಟು ಕೆಟ್ಟವಳು ನಾನಲ್ಲ. ಅಪ್ಪನನ್ನು ಕರೆಸಿ ಹೇಳಿದೆ. ಹಲ್ಲು ಸ್ವಲ್ಪ ಅಲುಗುತ್ತವೆ, ಜೋಪಾನ ಮಾಡಿದರೆ ಬಾಳಿಕೆ ಬರುತ್ತವೆ, ಕಬ್ಬು ಸಿಗಿಯುವುದು, ಒಣಗಿದ ಕಟಕ ರೊಟ್ಟಿ ಮುಂದಿನ ಹಲ್ಲಿನಿಂದ ಕಡಿಯುವುದು ಇನ್ನು ಬೇಡ ಎಂದೆ. ಶೇಖಪ್ಪ ಎಲ್ಲ ಕೇಳಿ, ನಡುವೆ ಫೋಟೋ ತೆಗೆದಿದ್ದಿರಲ್ಲ, ಅದರಲ್ಲಿ ಕಾಣಲಿಲ್ಲವೇ ಎಂದರು. ಇಷ್ಟೇ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಬಾಗಿಲಲ್ಲಿ ನಿಂತಿದ್ದ ಖಾದರಸಾಬರು ಎರಡು ಹೆಜ್ಜೆ ಒಳಗೆ ಬಂದರು.

"ಆ ಫೋಟೋ ತಗದಾಂವ ನಾನ್ರಿ ಯಜಮಾನ್ರ" ಎಂದರು. "ಸೊಟ್ಟ ಹಿಡದ್ನಿ. ಅದ್ರಾಗ ಬೇರು ಪೂರಾ ಕಂಡೈತಿ. ಬಾಯಾರು ಅದನ್ನ ನಂಬಿ ಮುಂದ ಮಾಡ್ಯಾರ. ತಪ್ಪು ನಂದು."

ಆಗ ನಾನು ಬಾಯಿ ಬಿಡಬೇಕಿತ್ತು. ಒಂದೇ ಮಾತು ಸಾಕಾಗಿತ್ತು. ಬಿಡಲಿಲ್ಲ. ಶೇಖಪ್ಪ ಎದ್ದು ನಿಂತು ಸಾಬರನ್ನು ಅಡಿಯಿಂದ ಮುಡಿಯತನಕ ನೋಡಿ, ನಿನಗೂ ಹೆಣ್ಣುಮಗಳಿದ್ದಾಳಲ್ಲ ಎಂದಷ್ಟೇ ಹೇಳಿ ಮಗಳನ್ನು ಕರೆದುಕೊಂಡು ಹೋದರು. ಅವರು ಮೆಟ್ಟಿಲಿಳಿದ ಮೇಲೆ, ಹೀಗೇಕೆ ಮಾಡಿದಿರಿ ಎಂದು ಸಾಬರನ್ನು ಕೇಳಿದೆ. ಅವರು ಡಿವೈಡರನ್ನು ಒರೆಸುತ್ತಿದ್ದರು.

"ನೀವು ಇನ್ನ ಎಷ್ಟ ಬಾಯಿ ನೋಡಬೇಕ್ರಿ. ಈಗ ಹೆಸರು ಕೆಟ್ರ ಈ ಊರಾಗ ಯಾರೂ ಮೆಟ್ಟಲಾ ಹತ್ತೂದಿಲ್ಲ. ನಂದೇನು, ಮುಗಿಯಾಕ ಬಂದೈತಿ. ಆದ್ರ ಇನ್ಮ್ಯಾಲೆ ಮೊದ್ಲ ಮ್ಯಾಲಿಂದು ಅಳೀರಿ ಬಾಯಾರ. ಅಷ್ಟು ಮಾಡ್ರಿ."

ಮುಗಿಯಲು ಬಂದದ್ದು ಅವರು ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಶೇಖಪ್ಪ ಸುಮ್ಮನೆ ಕೂಡುವ ಮನುಷ್ಯನಾದರೂ ಮಗಳ ವಿಷಯದಲ್ಲಿ ಸುಮ್ಮನಿರಲಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಜನ ಒಂದು ಹೆಸರು ಕಟ್ಟಿದರು: ಸೊಟ್ಟ ಸಾಬ. ಒಂದು ಫಿಲ್ಮ್ ಓರೆಯಾದರೆ ತಾನೇ ಹೋಗಿ ಮತ್ತೆ ತೆಗೆಯುತ್ತಿದ್ದ ಮನುಷ್ಯನಿಗೆ ಈ ಹೆಸರು. ಒಮ್ಮೆ ನಾನು ಪಕ್ಕದಲ್ಲಿದ್ದಾಗಲೇ ಕಂಡಕ್ಟರನೊಬ್ಬ ಹಾಗೆ ಕೂಗಿದ. ಸಾಬರು ಏನೂ ಆಗದವರಂತೆ ಕೈಯೆತ್ತಿ ನಮಸ್ಕಾರ ಮಾಡಿದರು. ಆತ ಯಾರೆಂದು ಈ ಸಲ ಕಣ್ಣಿನಲ್ಲಿ ನನ್ನನ್ನು ಕೇಳಲಿಲ್ಲ. ಮೂರು ತಿಂಗಳಾದ ಮೇಲೆ, ದಿನಾ ಬಸ್ಸಿನಲ್ಲಿ ಓಡಾಡಿ ಬೆನ್ನು ಹಿಡಿಯುತ್ತಿದೆ, ಇನ್ನು ಬರುವುದಿಲ್ಲ ಎಂದರು. ನಾನು ಇರಿ ಎನ್ನಲಿಲ್ಲ. ಆ ಮುಖ ದಿನವೂ ಎದುರಿಗೆ ಇರದಿದ್ದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆ. ಆಗಲಿಲ್ಲ. ಹೋಗುವಾಗ ಅಳತೆಯ ಪುಸ್ತಕ ಒಯ್ಯಲೇ ಎಂದು ಕೇಳಿದರು, ಒಯ್ಯಿರಿ ಎಂದೆ.

ಆಮೇಲೆ ನನ್ನ ದವಾಖಾನೆ ಬೆಳೆಯಿತು. ನರಗುಂದದಲ್ಲೂ ವಾರಕ್ಕೆರಡು ದಿನ ಕೂಡಲು ಶುರುಮಾಡಿದೆ. ಫಿಲ್ಮ್ ಹೋಗಿ ಹೊಸ ಯಂತ್ರ ಬಂತು. ಪರದೆಯ ಮೇಲೆ ಹಲ್ಲು ಅಂಗೈಯಷ್ಟು ದೊಡ್ಡದಾಗಿ ಕಾಣುತ್ತದೆ, ಬೆರಳಾಡಿಸಿದರೆ ಅಳತೆ ತಾನಾಗಿಯೇ ಬರುತ್ತದೆ. ನೆರಳು ಮಾತ್ರ ಈಗಲೂ ನೆರಳೇ. ಪ್ರತಿ ಸಲವೂ ಮೊದಲು ಮೇಲಿನದನ್ನೇ ಅಳೆಯುತ್ತೇನೆ. ಒಂದು ಸಲವೂ ತಪ್ಪಿಸಿಲ್ಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ.

ಹೋದ ವರ್ಷ ಸಾಬರಿಗೆ ಲಕ್ವಾ ಹೊಡೆದಿದೆ ಎಂದು ಕೇಳಿ ಗಜೇಂದ್ರಗಡಕ್ಕೆ ಹೋದೆ. ಈ ಸಲ ಹೇಳಿಯೇ ಬಿಡುತ್ತೇನೆ, ಶೇಖಪ್ಪನ ಮನೆಗೆ ಹೋಗಿ ಎಲ್ಲ ಒಪ್ಪಿಕೊಳ್ಳುತ್ತೇನೆ ಎಂದು ಅವರೆದುರು ಮಾತು ಕೊಡಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಅವರು ಹೊರಸಿನ ಮೇಲೆ ಮಲಗಿದ್ದರು. ಬಲಗೈ ಮಡಚಿಕೊಂಡು ಎದೆಯ ಮೇಲಿತ್ತು. ನನ್ನ ಮುಖ ನೋಡಿ ಗುರುತು ಹಿಡಿಯಲಿಲ್ಲವೋ ಏನೋ ಎಂದುಕೊಂಡೆ. "ಬಾಯಾರ" ಎಂದರು, ತೊದಲುತ್ತ. ಹೆಂಡತಿ ಚಹಾ ತಂದಿಟ್ಟರು. ಹೊಸ ಯಂತ್ರ ಹೇಗಿದೆ ಎಂದು ಸಾಬರು ಕೇಳಿದರು. ಚೆನ್ನಾಗಿದೆ ಎಂದೆ. ಆಮೇಲೆ ಕೇಳಿದರು:

"ಮೊದ್ಲ ಮ್ಯಾಲಿಂದು ಅಳೀತೀರಿಲ್ಲ?"

ಅಳೆಯುತ್ತೇನೆ ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ನೆಮ್ಮದಿಯಾಗಿ ಕಂಡರು. ಆ ನೆಮ್ಮದಿಯನ್ನು ಕೆಡಿಸಬಾರದು ಎಂದು ನನಗೆ ನಾನೇ ಹೇಳಿಕೊಂಡು ಎದ್ದು ಬಂದೆ. ಪುಕ್ಕಲರಿಗೆ ಯಾವಾಗಲೂ ಇಂಥದೊಂದು ಒಳ್ಳೆಯ ಕಾರಣ ಸಿಗುತ್ತದೆ. ಹದಿನೈದು ದಿನಕ್ಕೆ ಅವರು ತೀರಿಕೊಂಡರು. ನನಗೆ ಸುದ್ದಿ ಮುಟ್ಟಿದ್ದೇ ಮರುದಿನ. ಹೋಗಿ ಅವರ ಹೆಂಡತಿಯ ಪಕ್ಕ ಒಂದು ತಾಸು ಕೂತು ಬಂದೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಶಿಲ್ಪಾ ಮೆಟ್ಟಿಲು ಹತ್ತಿ ಬಂದಳು. ಈಗ ಕಾಲೇಜು ಮುಗಿಸಿದ ದೊಡ್ಡ ಹೆಣ್ಣುಮಗಳು. ಕೈಯಲ್ಲಿ ಆ ಉದ್ದನೆಯ ಪುಸ್ತಕ, ಅದರೊಳಗೆ ಒಂದು ಲಕೋಟೆ. ಲಕೋಟೆಯಲ್ಲಿ ಐದು ಫಿಲ್ಮುಗಳಿದ್ದವು.

ಆಗ ತಿಳಿಯಿತು. ಸಾಬರು ಪ್ರತಿ ವರ್ಷ ರಂಜಾನ್ ಮುಗಿದ ಮೇಲೆ ಅವಳ ಕಾಲೇಜಿನ ಹತ್ತಿರ ಬಂದು ಕಾಯುತ್ತಿದ್ದರಂತೆ. ಅಸೂಟಿಯ ಮನೆಗೆ ಒಮ್ಮೆ ಹೋದಾಗ ಶೇಖಪ್ಪ ಹೊಸ್ತಿಲ ಒಳಗೆ ಬಿಟ್ಟುಕೊಳ್ಳದೆ ಕಳಿಸಿದ್ದರು. ಹಾಗಾಗಿ ಕಾಲೇಜು. ಅವಳನ್ನೂ ಒಬ್ಬ ಗೆಳತಿಯನ್ನೂ ಗಜೇಂದ್ರಗಡದಲ್ಲಿ ತಮ್ಮ ಪರಿಚಯದ ದವಾಖಾನೆಗೆ ಕರೆದುಕೊಂಡು ಹೋಗಿ, ಫೋಟೋ ತೆಗೆದು, ಬಾಗಿಲ ಬೆಳಕಿನಲ್ಲಿ ಅಳೆದು, "ಎಂಟಕ್ಕ ಎಂಟ ಐತಿ ಯವ್ವಾ, ನಕ್ಕೋತ ಹೋಗು" ಎಂದು ಬಸ್ ಹತ್ತಿಸುತ್ತಿದ್ದರಂತೆ. ತಪ್ಪು ನನ್ನದು, ನಾನೇ ನೋಡಿಕೊಳ್ಳಬೇಕು ಎಂದು ಅವಳಿಗೂ ಹೇಳಿದ್ದರು. ಹಾಸಿಗೆ ಹಿಡಿದ ಮೇಲೆ, ನೋಡಲು ಬಂದ ಅವಳ ಕೈಗೆ ಪುಸ್ತಕ ಕೊಟ್ಟು, ಇನ್ನು ಮುಂದೆ ರೋಣದ ಬಾಯಾರ ಹತ್ತಿರ ಹೋಗು, ಅವರು ಚಲೋ ಅಳೆಯುತ್ತಾರೆ ಎಂದಿದ್ದರು.

ಅವಳನ್ನು ಕೂಡಿಸಿ ಹೊಸ ಯಂತ್ರದಲ್ಲಿ ತೆಗೆದೆ. ಮೇಲಿನದು ಹತ್ತು. ಬೇರು ಎಂಟು. ಹೇಳಿದಾಗ ಅವಳು ನಕ್ಕಳು. ಆಮೇಲೆ ಪುಸ್ತಕ ಬಿಚ್ಚಿ ತನ್ನ ಪುಟ ತೋರಿಸಿದಳು.

"ಮೇಡಂ, ಎಲ್ಲಾ ಕಡೆ ತಗದವರು ಅಂತ ಇದ್ದಲ್ಲೆ 'ಖಾ' ಬರದಾರ. ಇದೊಂದ ಯಾಕ ಖಾಲಿ ಬಿಟ್ಟಾರ?"

ಆ ನಡುವಿನ ಎಕ್ಸ್‌ರೇ. ಮೇಲಿನದು ಹನ್ನೆರಡು, ಬೇರು ಹದಿಮೂರು, ಪಕ್ಕದಲ್ಲಿ ಸಣ್ಣದಾಗಿ 'ಜಗ್ಗಿದ ಫೋಟೋ'. ತೆಗೆದವರ ಮನೆ ಖಾಲಿ. ನನಗಾಗಿ ಒಬ್ಬ ಅಪ್ಪನ ಎದುರು ನಿಂತು ಸುಳ್ಳು ಹೇಳಿದವರು, ಪುಸ್ತಕದಲ್ಲಿ ಸುಳ್ಳು ಬರೆಯಲಾರದೆ ಹೋಗಿದ್ದರು. ನನ್ನ ಹೆಸರು ಬರೆಯಲೂ ಮನಸ್ಸು ಬಂದಿರಲಿಲ್ಲ. ಆ ಮನೆಯನ್ನು ಇಷ್ಟು ವರ್ಷ ಹಾಗೇ ಬಿಟ್ಟಿದ್ದರು.

ಪೆನ್ನು ತೆಗೆದುಕೊಂಡು ಅದರಲ್ಲಿ ನನ್ನ ಹೆಸರು ಬರೆದೆ. ಅಕ್ಷರ ಆ ಸಣ್ಣ ಮನೆಯ ಗೆರೆ ದಾಟಿತು. ಶಿಲ್ಪಾ ಓದಿದಳು. ಲಗ್ನದ ರಜೆ, ನನ್ನ ಅವಸರ, ಅವರು ಎರಡು ಸಲ ನೆನಪಿಸಿದ್ದು, ನಾನು ಆಡಿದ ಮಾತು, ಎಲ್ಲವನ್ನೂ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ನಾಲಗೆಯಿಂದ ಮುಂದಿನ ಹಲ್ಲುಗಳನ್ನು ಒಮ್ಮೆ ಸವರಿಕೊಂಡಳು. ಆಮೇಲೆ ಪುಸ್ತಕ ಮುಚ್ಚಿದಳು.

"ಇದನ್ನ ನಮ್ಮಪ್ಪಗ ಹೇಳ್ರಿ. ಅವರು ಇನ್ನೂ ಖಾದರ ಚಾಚಾಗ ಬೈತಾರ."

ಆ ಭಾನುವಾರ ಅಸೂಟಿಗೆ ಹೋದೆ. ಶೇಖಪ್ಪ ಕಟ್ಟೆಯ ಮೇಲೆ ಕೂತಿದ್ದರು, ನಾನು ಎದುರಿಗೆ ನಿಂತೇ ಹೇಳಿದೆ. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಅವರು ತಲೆಯ ಮೇಲಿನ ಟವೆಲ್ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತ ಕೂತರು. ನಾನಿದ್ದೇನೆ ಎಂಬುದನ್ನೂ ಮರೆತಂತಿತ್ತು. ಆಮೇಲೆ ಮೆಲ್ಲಗೆ ಹೇಳಿದರು:

"ಸಾಬ್ರ ತೀರಿಕೊಂಡಾಗ ನಾ ಗಜೇಂದ್ರಗಡದ ಸಂತ್ಯಾಗ ಇದ್ದೆ. ಅವರ ಜನಾಜಾ ಹೊತ್ಕೊಂಡ ಮಂದಿ ನನ್ನ ಮುಂದ ಹೋದ್ರು. ಯಾರದು ಅಂತ ಕೇಳಿ, ಅವರದ ಅಂತ ಗೊತ್ತಾಗಿ ಬದಿಗೆ ಸರದ ನಿಂತ್ನಿ. ಅದರ ಹಿಂದ ನಾಕ ಹೆಜ್ಜಿ ಸೈತ ಹೋಗಲಿಲ್ರಿ. ನಾ ಅವರ ಮಣ್ಣಿಗೆ ಹೋಗಲಿಲ್ಲ."

ಶಿಲ್ಪಾ ಒಳಗಿನಿಂದ ನನಗೆ ನೀರು ತಂದುಕೊಟ್ಟಳು. ಕುಡಿಯಲು ಆಗಲಿಲ್ಲ, ತಂಬಿಗೆ ಹಿಡಿದುಕೊಂಡು ಹಾಗೇ ನಿಂತಿದ್ದೆ.